ವರ್ಷದ ಗೋಧಿ

ಚಾಂದ್‌ಖೇಡಾದ ನಮ್ಮ ಕ್ವಾರ್ಟರ್ಸಿನ ತಾರಸಿಯಲ್ಲಿ ಚಳಿಗಾಲದ ಬಿಸಿಲು ಮೊದಲು ಬೀಳುವುದು ನೀರಿನ ಟ್ಯಾಂಕಿನ ಪಕ್ಕದ ಮೂಲೆಗೆ. ಆ ಮೂಲೆಯಲ್ಲಿ ಒಂದು ಹಳೆಯ ಬೆತ್ತದ ಕುರ್ಚಿ ಇತ್ತು. ಅದನ್ನು ಅಲ್ಲಿಗೆ ತಂದಿಟ್ಟವರು ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ. ಬ್ಲಾಕಿನ ಯಾರೇ ಬಟ್ಟೆ ಒಣಹಾಕಲು ಬಂದರೂ ಆ ಕುರ್ಚಿಯ ಮೇಲೆ ನೆರಳು ಬೀಳದ ಹಾಗೆ ಹಗ್ಗ ಕಟ್ಟುತ್ತಿದ್ದರು. “ಬಾ ಅವರ ಬಿಸಿಲು” ಎಂದು ಆ ಜಾಗಕ್ಕೆ ಹೆಸರೇ ಬಿದ್ದಿತ್ತು. ಬಾ ಎಂದರೆ ನಾನು. ಗುಜರಾತಿಗಳು ತಾಯಿಯನ್ನು, ಮನೆಯ ಹಿರಿಯಳನ್ನು ಕರೆಯುವುದು ಹಾಗೆ. ಮೈಸೂರಿನಲ್ಲಿ ರಾಜಮ್ಮನಾಗಿದ್ದವಳು, ಯಜಮಾನರು ತೀರಿಕೊಂಡ ಮೇಲೆ ಮಗನ ಮನೆಗೆ ಬಂದು, ನಿಧಾನವಾಗಿ ಇಡೀ ಬ್ಲಾಕಿಗೇ ಬಾ ಆಗಿಬಿಟ್ಟಿದ್ದೆ.

ಮಗ ಉಮಾಕಾಂತ ತೈಲ ಕಂಪನಿಯಲ್ಲಿ ಭೂವಿಜ್ಞಾನಿ. ಬಾವಿ ಕೊರೆಯುವಾಗ ಮೇಲೆ ಬರುವ ಕಲ್ಲಿನ ಚೂರುಗಳನ್ನು ನೋಡಿ, ಮುಟ್ಟಿ, ಒಮ್ಮೊಮ್ಮೆ ಹಲ್ಲಿನಲ್ಲಿ ಕಡಿದು, ಕೆಳಗೆ ಏನಿದೆಯೆಂದು ಹೇಳುವುದು ಅವನ ಕೆಲಸ. ಮೈಲಿ ಆಳದಲ್ಲಿರುವುದನ್ನು ಹೇಳಬಲ್ಲವನಿಗೆ ಊಟದ ಮೇಜಿನ ಆಚೆ ಕೂತವರ ಮನಸ್ಸಿನಲ್ಲಿರುವುದು ತಿಳಿಯುತ್ತಿರಲಿಲ್ಲ. ಅವನೊಬ್ಬನನ್ನೇ ಏಕೆ ದೂರಲಿ, ನಮ್ಮ ಮನೆತನವೇ ಹಾಗೆ. ಬೇಕು ಎಂಬುದನ್ನು ಬಾಯಿಬಿಟ್ಟು ಹೇಳಿದರೆ ನಾಲಿಗೆ ಸವೆದುಹೋಗುತ್ತದೆ ಎಂದುಕೊಂಡವರು.

ಎರಡು ಸಾವಿರದ ನಾಲ್ಕರ ಮಾರ್ಚ್ ಕೊನೆಗೆ ಅವನ ನಿವೃತ್ತಿ. ಕ್ವಾರ್ಟರ್ಸ್ ಬಿಡಬೇಕು. “ಬಿಟ್ಟ ಕೂಡಲೇ ಮೈಸೂರು” ಎಂದು ಅವನು ಚಳಿ ಶುರುವಾಗುವ ಮೊದಲೇ ಸಾರಿಬಿಟ್ಟ. ಅಲ್ಲಿ ಎಂದೋ ಕಟ್ಟಿಸಿದ ಒಂದು ಮನೆಯಿತ್ತು, ಬಾಡಿಗೆಗೆ ಕೊಟ್ಟಿದ್ದೆವು. “ಅಮ್ಮನಿಗೆ ಇನ್ನಾದ್ರೂ ಊರು ಸಿಗ್ಲಿ” ಎಂದು ಆಫೀಸಿನಲ್ಲಿ ಹೇಳಿದ, ಹಾಲಿನವನಿಗೆ ಹೇಳಿದ, ಪಕ್ಕದ ಮನೆಯ ಜಯಾಬೆನ್‌ಗೆ ಹೇಳಿದ. ಕೇಳದೆ ಬಿಟ್ಟದ್ದು ಆ ಅಮ್ಮನನ್ನು ಮಾತ್ರ.

ನನಗೆ ಹೋಗುವ ಮನಸ್ಸಿರಲಿಲ್ಲ. ಮೈಸೂರೆಂದರೆ ಪ್ರೀತಿಯೇ. ಓದಿದ ಕಾಲೇಜು ಅಲ್ಲಿದೆ, ನಡೆದ ಬೀದಿಗಳು ಅಲ್ಲಿವೆ. ಆದರೆ ಆ ಬೀದಿಗಳಲ್ಲಿ “ರಾಜಮ್ಮ, ಕಾಫಿ ಆಯ್ತೇ?” ಎಂದು ಕೇಳುತ್ತಿದ್ದವರು ಒಬ್ಬೊಬ್ಬರೇ ಹೊರಟುಹೋಗಿದ್ದರು. ಇಲ್ಲಿ ಬೆಳಿಗ್ಗೆ ಬಾಗಿಲು ತೆಗೆದರೆ ಜಯಾಬೆನ್ “ಬಾ, ಚಾ ಪೀಧಿ?” ಎಂದು ಕೇಳುತ್ತಿದ್ದಳು. ಕುಡಿದೆ ಎಂದರೂ ಅರ್ಧ ಲೋಟ ತಂದುಕೊಡುತ್ತಿದ್ದಳು. ಬಾಲ್ಕನಿಗಳ ನಡುವೆ ಒಂದು ಮೊಣಕೈ ಎತ್ತರದ ಗೋಡೆ, ಅದರ ಮೇಲೆ ಲೋಟಗಳನ್ನು ಇಟ್ಟೂ ಇಟ್ಟೂ ಉಂಗುರದ ಗುರುತುಗಳು ಕೂತಿದ್ದವು. ಇದನ್ನೆಲ್ಲ ಬಿಟ್ಟು ಹೋಗುವುದು ಹೇಗೆ? ಆದರೆ ಬೇಡವೆನ್ನುವುದು ಹೇಗೆ? ಜೀವಮಾನವೆಲ್ಲ ಮೆಹ್ಸಾಣಾ, ಅಂಕಲೇಶ್ವರ ಎಂದು ಬಾವಿಗಳ ಹಿಂದೆ ಧೂಳಿನಲ್ಲಿ ಅಲೆದ ಮಗ. ಅವನಿಗೆ ತನ್ನೂರು ಬೇಕೆನ್ನಿಸಿದರೆ ತಪ್ಪೇ? ಸುಮ್ಮನಿದ್ದೆ.

ಸೊಸೆ ಕಾಮಾಕ್ಷಿಯೂ ಸುಮ್ಮನಿದ್ದಳು. ಆದರೆ ಅವಳು ಆ ದಿನಗಳಲ್ಲೇ ಕರಿಬೇವಿನ ಸಸಿಯನ್ನು ಸಣ್ಣ ಕುಂಡದಿಂದ ಕಿತ್ತು ದೊಡ್ಡ ಡ್ರಮ್ಮಿಗೆ ನೆಟ್ಟಳು. ಊರು ಬಿಡುವವರು ಯಾರಾದರೂ ಕರಿಬೇವಿಗೆ ದೊಡ್ಡ ಮನೆ ಮಾಡಿಕೊಡುತ್ತಾರೆಯೆ ಎಂದು ನನಗೆ ಅನ್ನಿಸಿದ್ದುಂಟು. ಕೇಳಲಿಲ್ಲ.

ಸಂಕ್ರಾಂತಿ ಬಂತು. ಇಲ್ಲಿ ಅದು ಉತ್ತರಾಯಣ, ಗಾಳಿಪಟದ ಹಬ್ಬ. ಕೊಬ್ಬರಿ ಹೆಚ್ಚಿ, ಬೆಲ್ಲದ ಚೂರು ಮಾಡಿ, ಎಳ್ಳು ಹುರಿದು ಬೆರೆಸಿದ ಡಬ್ಬವನ್ನು ಹಿಡಿದು ನಾವು ಅತ್ತೆ-ಸೊಸೆ ತಾರಸಿಗೆ ಹೋದೆವು. ಇಡೀ ಬ್ಲಾಕು ಅಲ್ಲಿತ್ತು. ಆಕಾಶದ ತುಂಬ ಕಾಗದ, ಕಿವಿಯ ತುಂಬ ಇನ್ನೊಬ್ಬರ ಪಟ ಕತ್ತರಿಸಿದವರ “ಕಾಪ್ಯೋ ಛೇ!” ಎಂಬ ಕೂಗು. ಮಕ್ಕಳ ಎರಡೂ ಕೈಗಳಲ್ಲಿ ದಾರ, ಬೆರಳುಗಳಿಗೆಲ್ಲ ಅಂಟುಪಟ್ಟಿ. ಎಳ್ಳುಬೆಲ್ಲ ತೆಗೆದುಕೊಳ್ಳಲು ಯಾರಿಗೂ ಕೈ ಖಾಲಿಯಿಲ್ಲ. ಕಾಮಾಕ್ಷಿ ಚಮಚದಲ್ಲಿ ಎತ್ತಿ ಒಬ್ಬೊಬ್ಬರ ಬಾಯಿಗೇ ಸುರಿಯುತ್ತ ಹೋದಳು. ಮೇಲೆ ನೋಡುತ್ತಲೇ ಬಾಯಿ ತೆರೆಯುತ್ತಿದ್ದರು, ಗುಬ್ಬಿಮರಿಗಳ ಹಾಗೆ. ಪ್ರತಿಯೊಬ್ಬರಿಗೂ ಅವಳು “ಒಳ್ಳೆ ಮಾತಾಡು” ಎಂದು ಕನ್ನಡದಲ್ಲೇ ಹೇಳಿದಳು. ಪ್ರತಿವರ್ಷ ಕೇಳಿ ಕೇಳಿ ಮಕ್ಕಳೇ ಬಾಯಲ್ಲಿ ಎಳ್ಳಿಟ್ಟುಕೊಂಡು “ಒಲ್ಲೆ ಮಾತಾಡು!” ಎಂದು ತಿರುಗಿ ಕೂಗುತ್ತಿದ್ದರು.

ಮೊಮ್ಮಗಳು ಮನಸ್ವಿನಿ ವಡೋದರಾದಿಂದ ಬಂದಿದ್ದಳು. ಅಲ್ಲಿ ಎಂ.ಎಸ್‌ಸಿ. ಓದುತ್ತಿದ್ದಳು. ಹಾಸ್ಟೆಲಿನ ಗೆಳತಿ ಸೂರತ್ತಿನಿಂದ ತಂದ ಪೊಂಕ್ — ಸುಟ್ಟ ಎಳೆ ಜೋಳದ ಹಸಿರು ಕಾಳು — ಒಂದು ಪೊಟ್ಟಣ ನನಗಾಗಿ ತಂದಿದ್ದಳು. “ಅಜ್ಜಿ, ನಿನ್ ಹಲ್ಲಿಗೆ ಚಲೇಗಾ. ಬಿಲ್‌ಕುಲ್ ಮೆತ್ತಗಿದೆ.”

ನಿತೇಶನೂ ಬಂದಿದ್ದ. ಗದಗಿನ ಹುಡುಗ, ಎಂಜಿನಿಯರು, ವಟ್ವಾದಲ್ಲಿ ಬಣ್ಣದ ಕಾರ್ಖಾನೆಯಲ್ಲಿ ಕೆಲಸ. ಮಣಿನಗರದಲ್ಲಿ ಒಂದು ಕೋಣೆ ಹಿಡಿದಿದ್ದ. ರಜದ ದಿನ ಅನ್ನ-ಸಾರು ನೆನಪಾದರೆ ಊರಿನ ಆ ತುದಿಯಿಂದ ಈ ತುದಿಗೆ ಬಸ್ಸು ಹಿಡಿದು ಬರುತ್ತಿದ್ದ. ಅವನ ಉಗುರಿನ ಸಂದಿ ನೋಡಿದರೆ ಕಾರ್ಖಾನೆಯಲ್ಲಿ ಆ ವಾರ ಯಾವ ಬಣ್ಣವೆಂದು ತಿಳಿಯುತ್ತಿತ್ತು.

“ಈ ಸಲ ನೀಲೀನೇನಪ್ಪಾ?”

“ಹೂನ್ರೀ ಅಜ್ಜಿ. ಎಷ್ಟ್ ತಿಕ್ಕಿದ್ರೂ ಹೋಗವಲ್ತು. ಮದವಿಗೆ ಹೆಣ್ಣ್ ನೋಡಾಕ ಹೋದ್ರ ಕೃಷ್ಣನ ಅವತಾರ ಅಂತ ಹೇಳಬೇಕ್ರಿ.”

ಅವತ್ತೇ ಉಮಾಕಾಂತ ಒಂದು ಕೆಲಸ ಮಾಡಿದ. ಸಾಮಾನು ಕಡಿಮೆ ಮಾಡಬೇಕೆಂದು ಅದಿದು ಹಂಚುತ್ತಿದ್ದವನು, ನಮ್ಮ ಕೋಠಿಯನ್ನು ನಿತೇಶನಿಗೆ ಕೊಟ್ಟುಬಿಟ್ಟ. ಕೋಠಿ ಎಂದರೆ ಗೋಧಿ ತುಂಬಿಡುವ ಸೊಂಟದೆತ್ತರದ ತಗಡಿನ ಡಬ್ಬ. ಇಲ್ಲಿಯ ಮನೆಗಳಲ್ಲಿ ಚಳಿ ಮುಗಿಯುವ ಹೊತ್ತಿಗೆ ಹೊಸ ಗೋಧಿಯನ್ನು ವರ್ಷಕ್ಕಾಗುವಷ್ಟು ಒಟ್ಟಿಗೇ ತರಿಸುತ್ತಾರೆ. ಆರಿಸಿ, ಬಿಸಿಲು ಕಾಣಿಸಿ, ಹುಳ ಬೀಳದಿರಲೆಂದು ಹರಳೆಣ್ಣೆ ಸವರಿ ಕೋಠಿ ತುಂಬುತ್ತಾರೆ. ಅನ್ನ ತಿನ್ನುವವರಾದ ನಮಗೆ ಇದನ್ನೆಲ್ಲ ಕಲಿಸಿದವಳು ಜಯಾಬೆನ್. ಕೋಠಿ ಕೊಳ್ಳಲು ಕಾಮಾಕ್ಷಿಯನ್ನು ಮಾಣೆಕ್ ಚೌಕದ ಹತ್ತಿರ ಕರೆದುಕೊಂಡು ಹೋಗಿ, ಬೆರಳಿನಿಂದ ತಗಡನ್ನು ಬಡಿದು ಬಡಿದು ಆರಿಸಿದ್ದಳು.

ನಿತೇಶ ಸಂಕೋಚಪಟ್ಟ. “ಇಷ್ಟ್ ದೊಡ್ಡದ್ ಏನ್ ಮಾಡ್ಲಿರೀ ಅಂಕಲ್?”

“ಬಟ್ಟೆ ಹಾಕ್ಕೊಳಯ್ಯ. ಒಗೆಯೋ ಬಟ್ಟೆ.”

ಕೋಠಿ ನಿತೇಶನ ಪಾಲಾದದ್ದು ತಿಳಿದದ್ದೇ ಜಯಾಬೆನ್ ಕೆಳಗಿಳಿದು ಹೋದಳು. ಸ್ವಲ್ಪ ಹೊತ್ತಿಗೆ ನಿತೇಶನಿಗೆಂದು ಒಂದು ಡಬ್ಬ ಊಂಧಿಯು, ಆ ಹಬ್ಬದ ತರಕಾರಿ ಪಲ್ಯ, ತಂದುಕೊಟ್ಟಳು. ಆದರೆ ಉಮಾಕಾಂತನ ಮುಖ ನೋಡಲಿಲ್ಲ.

ಮನಸ್ವಿನಿಗೆ ತಡೆಯಲಾಗಲಿಲ್ಲ. “ಪಪ್ಪಾ, ಕೋಠಿ ಕೊಟ್ಟಿದ್ದು ನಂಗೆ ಜರಾ ಕೂಡ ಗಮ್ತಾ ಇಲ್ಲ.”

“ಗಮ್ತಾ ಇಲ್ಲ ಅಂತೆ! ಇಷ್ಟ ಆಗ್ಲಿಲ್ಲ ಅನ್ನು. ಮೈಸೂರಿಗೆ ಹೋದ್ರೆ ನಿನ್ನ ಕನ್ನಡನಾದ್ರೂ ಸರಿಹೋಗುತ್ತೆ.”

“ನಿಮ್ಮ ಮೈಸೂರು ನಿಮಗೇ ಮುಬಾರಕ್” ಎಂದು ಅವಳು ದಾರದ ಉಂಡೆ ಹಿಡಿದು ಮಕ್ಕಳ ಕಡೆ ಹೋದಳು.

ಇದಾಗಿ ಕೆಲವು ದಿನಗಳ ಮೇಲೆ, ನಾನು ಬಾಲ್ಕನಿಯಲ್ಲಿ ತೊಗರಿಕಾಯಿ ಸುಲಿಯುತ್ತ ಕೂತಿದ್ದೆ. ಗೋಡೆಯಾಚೆ ಜಯಾಬೆನ್ ಹಸಿ ಬೆಳ್ಳುಳ್ಳಿ ಹೆಚ್ಚುತ್ತಿದ್ದಳು. ಆಕೆಯ ತವರು ಧೋಳ್ಕಾದ ಕಡೆ, ಭಾಲ್ ಸೀಮೆ. ಅಲ್ಲಿಯ ಉದ್ದನೆಯ ಕೆಂಪು ಗೋಧಿಗೆ ದೊಡ್ಡ ಹೆಸರು. ನಮ್ಮ ಬ್ಲಾಕಿಗೆಲ್ಲ ಅವಳ ತಮ್ಮನ ಹೊಲದಿಂದಲೇ ಗೋಧಿ ಬರುತ್ತಿತ್ತು.

“ಬಾ, ಈ ವರ್ಷ ಗೋಧಿ ಎಷ್ಟು?” ಎಂದಳು, ಕತ್ತು ಎತ್ತದೆ.

“ಪ್ರತಿ ವರ್ಷದಷ್ಟೇ” ಎಂದೆ, ನಾನೂ ಕತ್ತು ಎತ್ತದೆ.

ಅಷ್ಟು ವರ್ಷಗಳಿಂದ ಅದೇ ಪ್ರಶ್ನೆ, ಅದೇ ಉತ್ತರ. ಬಾಯಿ ತಾನಾಗಿ ಹೇಳಿತು. ಮರುಕ್ಷಣ ಅಯ್ಯೋ ಎಂದುಕೊಂಡೆ. ಕತ್ತೆತ್ತಿ ನೋಡಿದರೆ ಅವಳು ಬೆಳ್ಳುಳ್ಳಿಯ ತಟ್ಟೆ ಹಿಡಿದು ಒಳಗೆ ಹೋಗಿದ್ದಳು. ಕೂಗಿ ಕರೆದು “ಬೇಡ ಜಯಾಬೆನ್, ಮರೆತು ಹೇಳಿದೆ” ಎನ್ನಬಹುದಿತ್ತು. ಕೈಯಲ್ಲಿದ್ದ ಕಾಯಿ ಸುಲಿದು ಹೇಳೋಣವೆಂದುಕೊಂಡೆ. ಆಮೇಲೆ ಸಂಜೆ ಹೇಳೋಣವೆಂದುಕೊಂಡೆ. ಸಂಜೆ ಅವಳು ಬಿಸಿ ಬಿಸಿ ಮೆಂತ್ಯದ ಗೋಟಾ ಕರಿದು ತಂದಳು. ಬಾಯಲ್ಲಿ ಗೋಟಾ ಇರುವಾಗ ಅಂಥ ಮಾತು ಆಡಲಾದೀತೆ?

ಹೀಗೆ ಮುಂದಕ್ಕೆ ಹೋಗುತ್ತ ಹೋಯಿತು. ನಿಜ ಹೇಳಬೇಕೆಂದರೆ ದಿನ ಕಳೆದಂತೆ ಒಳಗೊಳಗೆ ನನಗೊಂದು ಖುಷಿ ಶುರುವಾಗಿತ್ತು. ಎಲ್ಲೋ ಒಂದು ಹೊಲದಲ್ಲಿ ನಮ್ಮ ಹೆಸರಿನ ಗೋಧಿ ಹಣ್ಣಾಗುತ್ತಿದೆಯಲ್ಲ ಎಂದು.

ಮನೆಯಲ್ಲಿ ದಿನಗಳು ಎಂದಿನಂತೆ ಸಾಗಿದವು. ಕಾಮಾಕ್ಷಿ ಬೆಳಿಗ್ಗೆ ನನ್ನ ಶಾಲನ್ನು ಇಡ್ಲಿ ಪಾತ್ರೆಯ ಮುಚ್ಚಳದ ಮೇಲೆ ಒಂದು ಗಳಿಗೆ ಹರವಿ, ಬೆಚ್ಚಗೆ ಮಾಡಿ ಹೊದಿಸುತ್ತಿದ್ದಳು. ಅದಕ್ಕೆ ಇಡ್ಲಿಯ ವಾಸನೆ ಇರುತ್ತಿತ್ತು. ಉಮಾಕಾಂತ ಸಂಜೆ ವಾಕಿಂಗ್ ಹೋಗಿ ಬರುತ್ತಿದ್ದ. ಒಂದು ದಿನ ಅವನ ಚಪ್ಪಲಿ ನೋಡಿದೆ, ಮೇಲೆಲ್ಲ ಬೂದು ಪುಡಿ. ಮರುದಿನವೂ ಹಾಗೆಯೇ. ಕಾಲೊನಿಯ ರಸ್ತೆಯಲ್ಲಿ ಸಿಮೆಂಟು ಎಲ್ಲಿಯದು? ಹಳಿಯಾಚೆ ಹೊಸ ಫ್ಲಾಟುಗಳು ಏಳುತ್ತಿದ್ದವು, ಅಲ್ಲಿಗೆ ಇವನಿಗೇನು ಕೆಲಸ? ಚಪ್ಪಲಿಯನ್ನು ಒದ್ದೆಬಟ್ಟೆಯಲ್ಲಿ ಒರೆಸಿಟ್ಟೆ. ಕೇಳಲಿಲ್ಲ. ನಮ್ಮ ಮನೆತನ.

ಶಿವರಾತ್ರಿ ಕಳೆಯಿತು, ಚಳಿ ಶಿವಶಿವಾ ಎನ್ನುತ್ತ ಹೊರಟಿತು. ಮಾರ್ಚ್ ಮೊದಲ ವಾರದ ಒಂದು ಬೆಳಿಗ್ಗೆ, ಕಾಮಾಕ್ಷಿ ದೋಸೆ ಹುಯ್ಯುತ್ತಿದ್ದಾಗ, ಕೆಳಗೆ ಟೆಂಪೊ ಬಂದು ನಿಂತ ಸದ್ದಾಯಿತು. ರಜದ ದಿನ. ಮನಸ್ವಿನಿಯೂ ಬಂದಿದ್ದಳು. ಕಾಲು ಗಂಟೆಯಲ್ಲಿ ಮೂಟೆ ಹೊತ್ತವನೊಬ್ಬ ಮೆಟ್ಟಿಲೇರಿ ಬಂದು, ನಮ್ಮ ನಡುಮನೆಯಲ್ಲಿ ಅದನ್ನು ಧಪ್ಪೆಂದು ಇಳಿಸಿದ. ಹಿಂದೆಯೇ ಇನ್ನೊಂದು ಬಂತು. ಅದರ ಹಿಂದೆ ಜಯಾಬೆನ್.

ಉಮಾಕಾಂತ ದೋಸೆ ಬಿಟ್ಟು ಎದ್ದ. “ಜಯಾಬೆನ್, ಮನೆ ತಪ್ಪಿದೆ. ಇದು ಯಾರದು?”

“ನಿಮ್ಮದೇ ಉಮಾಕಾಂತ್‌ಭಾಯ್” ಎಂದಳು ಅವಳು, ತನ್ನ ಗುಜರಾತಿಯಲ್ಲಿ. “ಇನ್ಯಾರದು?”

“ನಾವು ಹೋಗ್ತಾ ಇದ್ದೀವಲ್ಲಾ! ವರ್ಷದ ಗೋಧಿ ತಗೊಂಡು ಏನ್ಮಾಡೋಣ? ರೈಲಿಗೆ ಹಾಕೋಣವಾ?”

“ಅದು ನನಗೇನು ಗೊತ್ತು? ಬಾ ಹೇಳಿದರು, ನಾನು ತರಿಸಿದೆ.”

ಎಲ್ಲರೂ ನನ್ನ ಕಡೆ ತಿರುಗಿದರು. ತವಾದ ಮೇಲಿನ ದೋಸೆ ಸೀಯತೊಡಗಿತು. ನಾನು ಮೂಟೆಯ ಬಾಯಿಯ ಹೊಲಿಗೆಯನ್ನು ನೋಡುತ್ತ ಕೂತೆ.

“ಅಮ್ಮಾ, ನೀನು ಹೇಳಿದ್ಯಾ?”

“ಹೂಂ.”

“ಯಾಕಮ್ಮಾ? ಮರೆತೆಯಾ?”

ಮರೆತೆ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಎಂಬತ್ತರ ಹತ್ತಿರದವಳಿಗೆ ಮರೆವು ಎಂದರೆ ಎಲ್ಲರೂ ನಂಬುತ್ತಾರೆ. ಮೂಟೆಗಳು ಕೆಳಗಿಳಿಯುತ್ತಿದ್ದವು, ನಾವು ಮೈಸೂರಿನ ರೈಲು ಹತ್ತುತ್ತಿದ್ದೆವು. ಆದರೆ ಮೂಟೆಯಿಂದ ಹೊಸ ಗೋಧಿಯ ಘಮ ಬರುತ್ತಿತ್ತು, ಬಿಸಿಲಲ್ಲಿ ಒಣಗಿದ ಹುಲ್ಲಿನ ಹಾಗೆ.

“ಮರೆತು ಹೇಳ್ದೆ. ಮರೀದೆ ಸುಮ್ನಿದ್ದೆ” ಎಂದೆ. “ನಂಗೆ ಇಲ್ಲೇ ಇರೋಣ ಅನ್ಸುತ್ತೆ ಕಣೋ.”

ಉಮಾಕಾಂತ ಕುರ್ಚಿಯ ಬದಲು ಗೋಧಿ ಮೂಟೆಯ ಮೇಲೆ ಕೂತುಬಿಟ್ಟ. “ಮತ್ತೆ ಮೈಸೂರು ಮೈಸೂರು ಅಂತಿದ್ದೆ?”

“ನಾನೆಲ್ಲೋ ಅಂದೆ?”

“ಪ್ರತಿ ಚಳಿಗಾಲಾನೂ ಅಂತೀಯ! ‘ಮೈಸೂರಲ್ಲಾಗಿದ್ರೆ ಈಗ ಅವರೇಕಾಯಿ, ಏನು ಸೊಗಡು, ಹಿತಕಿದ ಬೇಳೆ ಸಾರು ಮಾಡಿದ್ರೆ ಬೀದಿಗೆಲ್ಲ ಘಮ್ಮಂತ’… ಇಲ್ಲಿಯ ಪಾಪಡಿ ಅವರೆ ಬಾಯಿಗಿಟ್ಟು ನಿಟ್ಟುಸಿರು ಬಿಡ್ತೀಯ. ಅದನ್ನ ಕೇಳೀ ಕೇಳೀ ನಂಗೆ ಕರುಳು ಚುರುಕ್ ಅನ್ನೋದು.”

“ಅವರೇಕಾಯಿಗೆ ನಿಟ್ಟುಸಿರು ಬಿಟ್ರೆ ಮನೇನೇ ಕಿತ್ತು ಹೊರಡಿಸ್ತಾರೇನೋ? ಕೇಳಿದ್ರೆ ಒಂದು ಚೀಲ ಅವರೇಕಾಯಿ ತರಿಸಿಕೊಡು ಅಂತಿದ್ದೆ!”

ಮನಸ್ವಿನಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. “ಪಪ್ಪಾ! ಬೀನ್ಸ್‌ಗೋಸ್ಕರ ಟ್ರಾನ್ಸ್‌ಫರ್!”

“ನಿಂಗೆ ಊರು ಬೇಕು ಅಂತ ನಾನು ಬಾಯಿ ಮುಚ್ಕೊಂಡಿದ್ದೆ” ಎಂದೆ ಅವನಿಗೆ. “ಅಷ್ಟು ಅಲೆದಿದ್ದೀಯ, ಕೊನೆಗಾದ್ರೂ ನಿನ್ನೂರಲ್ಲಿರಲಿ ಅಂತ.”

“ನಂಗೆ ಯಾವೂರಮ್ಮ? ಇಪ್ಪತ್ತೆರಡಕ್ಕೆ ಬಿಟ್ಟು ಬಂದೋನು. ಅಲ್ಲಿ ಆಟೋದವನು ಕೂಡ ನನ್ನ ಟೂರಿಸ್ಟ್ ಅಂದ್ಕೋತಾನೆ.”

“ಹಾಗಾದ್ರೆ ಸಿಮೆಂಟು?”

“ಯಾವ ಸಿಮೆಂಟು?”

“ಚಪ್ಪಲಿ ಮೇಲಿಂದು. ದಿನಾ ನಾನೇ ಒರೆಸ್ತಿದ್ನಲ್ಲ.”

ಅವನ ಕಿವಿ ಕೆಂಪಾಯಿತು. ಚಿಕ್ಕವನಾಗಿದ್ದಾಗ ಬೆಲ್ಲ ಕದ್ದು ಸಿಕ್ಕಿಬಿದ್ದಾಗಲೂ ಹೀಗೆಯೇ ಮೊದಲು ಕಿವಿ ಕೆಂಪಾಗುತ್ತಿತ್ತು. “ಸುಮ್ನೆ ನೋಡೋಕೆ ಹೋಗ್ತಿದ್ದೆ. ಹಳಿಯಾಚೆ ಫ್ಲಾಟು. ಕೆಳಗಿನ ಮನೆ, ಮುಂದೆ ಒಂದಿಷ್ಟು ಜಾಗ. ಬೆಳಗಿನ ಬಿಸಿಲು ನೇರ ಬಾಗಿಲಿಗೆ ಬೀಳುತ್ತೆ. ನೋಡೋಕೇನು ತಪ್ಪು ಅಂತ…”

“ನೋಡೋರು ನನ್ನನ್ನೂ ಕರ್ಕೊಂಡು ಹೋಗಬಹುದಿತ್ತು” ಎಂದಳು ಕಾಮಾಕ್ಷಿ ಅಡುಗೆಮನೆಯ ಬಾಗಿಲಿನಿಂದ. ಕೈಯಲ್ಲಿ ಸಟ್ಟುಗ, ಅದರ ತುದಿಯಲ್ಲಿ ಕಪ್ಪಾದ ದೋಸೆ. “ನನ್ನನ್ನಂತೂ ತಾಯಿ-ಮಗ ಇಬ್ಬರೂ ಕೇಳಲಿಲ್ಲ. ಕರಿಬೇವನ್ನ ಡ್ರಮ್ಮಿಗೆ ಹಾಕಿದ್ದು ಮೈಸೂರಿಗೆ ಹೊತ್ತುಕೊಂಡು ಹೋಗೋಕೆ ಅಂದ್ಕೊಂಡ್ರಾ?”

ಜಯಾಬೆನ್‌ಗೆ ನಮ್ಮ ಕನ್ನಡದಲ್ಲಿ ಒಂದಕ್ಷರವೂ ತಿಳಿದಿರಲಾರದು. ಆದರೆ ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಜೋರು ದನಿಯಲ್ಲೇ ಕೇಳಿದಳು: “ಈಗ ಹೇಳಿ. ಟೆಂಪೊದವನು ಕೆಳಗೆ ಕಾಯ್ತಿದ್ದಾನೆ. ಗೋಧಿ ಇಳಿಸೋದಾ, ವಾಪಸು ಹೊರಿಸೋದಾ?”

ಉಮಾಕಾಂತ ತಾನು ಕೂತಿದ್ದ ಮೂಟೆಯಿಂದ ಎದ್ದು, ಅದರ ಹೊಲಿಗೆಯ ಒಂದು ಎಳೆ ಹಿಡಿದು ಸರ್ರನೆ ಎಳೆದ. ಕೈ ಹಾಕಿ ನಾಲ್ಕು ಕಾಳು ತೆಗೆದು, ಒಂದನ್ನು ಹಲ್ಲಿನ ನಡುವೆ ಇಟ್ಟು ಕಡಿದ, ಕಲ್ಲಿನ ಚೂರು ಪರೀಕ್ಷಿಸುವಾಗ ಮಾಡುತ್ತಿದ್ದ ಹಾಗೆಯೇ. ಕಣ್ಣು ಮುಚ್ಚಿ ಅಗಿದ.

“ಚೆನ್ನಾಗಿ ಒಣಗಿದೆ” ಎಂದ. “ಕಾಮಾಕ್ಷಿ, ಹರಳೆಣ್ಣೆ ಎಷ್ಟಿದೆ?”

ಜಯಾಬೆನ್ ಬಾಲ್ಕನಿಗೆ ಓಡಿ, ಕೆಳಗೆ ಬಾಗಿ, “ಉತಾರೋ! ಬಧಾ ಉತಾರೋ!” ಎಂದು ಎಲ್ಲವನ್ನೂ ಇಳಿಸುವಂತೆ ಕೂಗಿದ ದನಿ ಎದುರಿನ ಬ್ಲಾಕಿಗೂ ಕೇಳಿಸಿರಬೇಕು.

ಆಮೇಲೆ ಎಲ್ಲರಿಗೂ ಒಟ್ಟಿಗೆ ನೆನಪಾಯಿತು. ತುಂಬಲು ಕೋಠಿಯೇ ಇಲ್ಲ! ಮನಸ್ವಿನಿ ಮಣಿನಗರಕ್ಕೆ ಫೋನು ಮಾಡಿದಳು. “ನಿತೇಶ್‌ಭಾಯ್, ಆ ಕೋಠಿ ವಾಪಸ್ ಬೇಕು. ಈಗಲೇ. ಹೌದು, ಈಗಲೇ. ಕೊಟ್ಟಿದ್ದು ಪಪ್ಪಾ, ಕೇಳ್ತಿರೋದು ನಾನು.”

ಅವನು ಬರುವ ತನಕ ತಾರಸಿಯಲ್ಲಿ ಹಳೆಯ ಸೀರೆಗಳು ಹಾಸಿಕೊಂಡವು. ಗೋಧಿ ಅವುಗಳ ಮೇಲೆ ಹರಡಿಕೊಂಡಿತು. ಬ್ಲಾಕಿನ ಹೆಂಗಸರು ತಮ್ಮ ತಮ್ಮ ಗೋಧಿಯನ್ನು ಬಿಟ್ಟು ಮೊದಲು ನಮ್ಮದಕ್ಕೆ ಕೂತರು. ಬೇಡವೆಂದರೆ ಕೇಳಲಿಲ್ಲ. ನನಗೆ ನನ್ನ ಬಿಸಿಲಿನ ಕುರ್ಚಿ, ಮಡಿಲಲ್ಲಿ ಒಂದು ಮೊರ, ಕಲ್ಲು ಆರಿಸುವ ಕೆಲಸ. ಉಮಾಕಾಂತ ತೋಳು ಮಡಚಿ, ಮೊಣಕೈತನಕ ಎಣ್ಣೆ ಮಾಡಿಕೊಂಡು ಕಾಳುಗಳನ್ನು ಉಜ್ಜುತ್ತಿದ್ದ. “ಮೆಲ್ಲಗೆ, ಮೆಲ್ಲಗೆ, ಗೋಧಿಗೆ ಎಣ್ಣೆ ಹಚ್ತಿದ್ದೀರಿ, ಕುಸ್ತಿ ಪೈಲ್ವಾನನಿಗಲ್ಲ” ಎಂದು ಜಯಾಬೆನ್ ಬೈಯುತ್ತಿದ್ದಳು. ಈಗ ಅವನ ಮುಖ ನೋಡಿಕೊಂಡೇ ಬೈಯುತ್ತಿದ್ದಳು.

ಅವಳು ನನ್ನ ಹತ್ತಿರ ಮೊರ ಬದಲಿಸಲು ಬಂದಾಗ ಮೆತ್ತಗೆ ಕೇಳಿದೆ: “ನಾವು ಹೊರಟಿದ್ದು ನಿನಗೆ ಗೊತ್ತಿತ್ತಲ್ಲ. ಆದರೂ ಗೋಧಿ ಎಷ್ಟು ಅಂತ ಯಾಕೆ ಕೇಳಿದೆ?”

“ಕೇಳದೆ ಹೇಗೆ ಬಾ? ಕೇಳದಿದ್ದರೆ ನಾನೇ ನಿಮ್ಮನ್ನ ಕಳಿಸಿಕೊಟ್ಟ ಹಾಗಾಗ್ತಿತ್ತು” ಎಂದಳು. ಅಷ್ಟು ಹೇಳಿ, ನನ್ನ ಮೊರದಲ್ಲಿ ಉಳಿದಿದ್ದ ಒಂದು ಕಲ್ಲನ್ನು ಎತ್ತಿ ತೋರಿಸಿ, “ಕನ್ನಡಕ ಒರೆಸ್ಕೊಳ್ಳಿ” ಎಂದು ಹೋದಳು.

ನಿತೇಶ ಬಂದದ್ದು ಬಿಸಿಲು ನೆತ್ತಿಗೇರಿದ ಮೇಲೆ. ಆಟೋದ ಹಿಂದಿನ ಸೀಟಿನಲ್ಲಿ ಕೋಠಿ ಒಬ್ಬಳು ಗೌರಮ್ಮನ ಹಾಗೆ ಕೂತಿತ್ತು. ಅವನು ಡ್ರೈವರನ ಪಕ್ಕದಲ್ಲಿ ನೇತಾಡುತ್ತಿದ್ದ. ಮೇಲೆ ತಂದು ಮುಚ್ಚಳ ತೆಗೆದರೆ ಒಳಗೆ ತಳದಿಂದ ಗೇಣೆತ್ತರದವರೆಗೆ ನೀಲಿ.

“ಅಂಗೀದ್ ಬಣ್ಣ ಬಿಟ್ಟೈತ್ರೀ ಅಜ್ಜಿ” ಎಂದ, ತಲೆ ಕೆರೆದುಕೊಳ್ಳುತ್ತ. “ತೊಳದ್ನಿ. ತಿರಗ್ ತೊಳದ್ನಿ. ಬರ್ತಾ ಆಟೋನ್ಯಾಗೂ ಒರಸ್ಕೋತನ ಬಂದ್ನಿ.”

ಜಯಾಬೆನ್ ಕೋಠಿಯೊಳಗೆ ಇಣುಕಿದಳು, ಅವನನ್ನು ನೋಡಿದಳು, ಮತ್ತೆ ಇಣುಕಿದಳು. ಒಳಗಿನಿಂದ ಅವಳ ದನಿ ಗುಂಯ್ಯೆಂದು ಬಂತು: “ಈ ಹುಡುಗನನ್ನೇ ಇದರಲ್ಲಿ ಹಾಕಿ ಮುಚ್ಚಬೇಕು!” ಬೂದಿ, ಹುಣಿಸೆಹಣ್ಣು, ಸೋಡಾ ಎಲ್ಲ ಹಾಕಿ ಅವಳೂ ನಿತೇಶನೂ ಸೇರಿ ತಿಕ್ಕಿದರು. ನೀಲಿ ಮಸುಕಾಯಿತು, ಹೋಗಲಿಲ್ಲ. ಕಡೆಗೆ ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಇಳಿಬಿಟ್ಟು ಗೋಧಿ ಸುರಿದರು. ಎಣ್ಣೆ ಹಿಡಿದ ಕಾಳು ಜಾರಿ ಬೀಳುವ ಸದ್ದು ಸಣ್ಣ ಮಳೆಯ ಹಾಗಿತ್ತು. ತುಂಬಿದ ಮೇಲೆ ಕಾಮಾಕ್ಷಿ ಬೇವಿನ ಎಲೆ ಹರಡಿ, ಮುಚ್ಚಳದ ಮೇಲೆ ಚಿಟಿಕೆ ಕುಂಕುಮ ಇಟ್ಟಳು.

ಅಷ್ಟು ಹೊತ್ತಿಗೆ ಯಾರಲ್ಲೂ ನಿಲ್ಲುವ ಶಕ್ತಿಯಿರಲಿಲ್ಲ. ಎಲ್ಲರ ಕೈಯಲ್ಲೂ ಹರಳೆಣ್ಣೆ, ಎಲ್ಲರ ಹೊಟ್ಟೆಯಲ್ಲೂ ಹಸಿವು. ಚಪಾತಿ ಲಟ್ಟಿಸುವವರು ಯಾರು? ಕಾಮಾಕ್ಷಿ ದೊಡ್ಡ ಕುಕ್ಕರಿನಲ್ಲಿ ಅಕ್ಕಿ ಇಟ್ಟಳು. ಬ್ಲಾಕಿನ ಹೆಂಗಸರು, ಟೆಂಪೊದವನು, ನಿತೇಶ, ಎಲ್ಲರೂ ನಡುಮನೆಯ ನೆಲದ ಮೇಲೆ ಸಾಲಾಗಿ ಕೂತು ಬಿಸಿ ಅನ್ನ-ಸಾರು ಉಂಡರು. ಸಾರಿಗೆ ಡ್ರಮ್ಮಿನ ಕರಿಬೇವಿನ ಒಗ್ಗರಣೆ. ಜಯಾಬೆನ್‌ಗೆ ಸಾರು ತಟ್ಟೆಯಲ್ಲಿ ನಿಲ್ಲದೆ ಓಡುತ್ತಿತ್ತು. ಮನಸ್ವಿನಿ ಅವಳ ತಟ್ಟೆಯಲ್ಲಿ ಅನ್ನದ ಕಟ್ಟೆ ಕಟ್ಟಿ, ಮಧ್ಯದಲ್ಲಿ ಸಾರು ನಿಲ್ಲಿಸುವುದನ್ನು ಕಲಿಸಿದಳು.

“ವರ್ಷದ ಗೋಧಿ ಮನೆಗೆ ಬಂದ ದಿನ ಅನ್ನ ತಿನ್ನುವವರು!” ಎಂದು ಜಯಾಬೆನ್ ತಲೆ ಚಚ್ಚಿಕೊಂಡಳು. ಆದರೆ ಎರಡನೆಯ ಸಲಕ್ಕೂ ತಟ್ಟೆ ಚಾಚಿದಳು.

ಬಡಿಸುತ್ತಿದ್ದವನು ಉಮಾಕಾಂತ. ಸೌಟು ಹಿಡಿದವನು ನನ್ನ ಎದುರು ಬಂದು ನಿಂತ. ಮೊಣಕೈಯ ಹತ್ತಿರ ಇನ್ನೂ ಎಣ್ಣೆ ಮಿನುಗುತ್ತಿತ್ತು. “ಅಮ್ಮಾ, ಇನ್ನೊಂಚೂರು ಸಾರು ಬೇಕಾ?” ಎಂದು ಕೇಳಿ, ನಾನು ಏನೂ ಹೇಳುವ ಮೊದಲೇ ಬಗ್ಗಿಸಲು ಹೋದವನು ತಡೆದು ನಿಂತ. ಸೌಟನ್ನು ಹಾಗೆಯೇ ಗಾಳಿಯಲ್ಲಿ ಹಿಡಿದುಕೊಂಡು, ನನ್ನ ಮುಖ ನೋಡುತ್ತ ಕಾದ.

“ಬೇಕು ಕಣೋ” ಎಂದೆ.